ಗುರುವಾರಕ್ಕೆ ಮೊದಲು, ನಿನ್ನ ಮೊಣಕಾಲ ಚಿಪ್ಪಿನ ಬಗ್ಗೆ

ಶಕ್ತಿನಗರ,
ಮಂಗಳವಾರ ಮಧ್ಯಾಹ್ನ

ಪ್ರೀತಿಯ ಮಮ್ಮಿ,

ನೀನು ಒಳಗಿನ ಕೋಣೆಯಲ್ಲಿ ಮಲಗಿದ್ದೀಯ. ಫ್ಯಾನಿನ ಸದ್ದಿನ ನಡುವೆ ನಿನ್ನ ಸಣ್ಣ ಗೊರಕೆ ಕೇಳುತ್ತಿದೆ. ನಾನು ಊಟದ ಮೇಜಿನಲ್ಲಿ, ಬಂಗುಡೆ ಮೀನಿನ ವಾಸನೆ ಇನ್ನೂ ಪೂರ್ತಿ ಹೋಗದ ಪ್ಲಾಸ್ಟಿಕ್ ಹಾಸಿನ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಹತ್ತು ಹೆಜ್ಜೆ ಆಚೆ ಮಲಗಿದವಳಿಗೆ ಪತ್ರ ಯಾಕೆ ಎಂದು ಬೇರೆ ಯಾರಾದರೂ ಕೇಳಬಹುದು. ನೀನು ಕೇಳುವುದಿಲ್ಲ. ಈ ಮನೆಯಲ್ಲಿ ತಪ್ಪು ಮಾಡಿದವರು ಬಾಯಲ್ಲಿ ಹೇಳುವ ಕ್ರಮ ಇಲ್ಲ. ಬರೆದು ಕೊಡಬೇಕು.

ನಾಲ್ಕನೆಯ ಕ್ಲಾಸಿನ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದ ನೀನು ಶಾಲೆಯಲ್ಲಿ ಮಾಡಿದ ನಿಯಮವನ್ನೇ ಮನೆಗೂ ತಂದೆ. ಏನು ನಡೆಯಿತು, ಯಾವಾಗ, ಯಾಕೆ ಹಾಗೆ ಮಾಡಿದೆ, ಇನ್ನೇನು ಮಾಡುತ್ತೀ. ಎಲ್ಲವೂ ಕನ್ನಡದಲ್ಲಿ. ಮನೆಯಲ್ಲಿ ಇಡೀ ದಿನ ಕೊಂಕಣಿ ಮಾತಾಡುವ ನಾವು ತಪ್ಪು ಮಾತ್ರ ಯಾಕೆ ಕನ್ನಡದಲ್ಲಿ ಬರೆಯಬೇಕು ಎಂದು ಕೇಳಿದಾಗ ನೀನು ಹೇಳಿದ್ದು ನೆನಪಿದೆ: "ಕೊಂಕಣಿಯಲ್ಲಾದರೆ ನೀನು ಅತ್ತು ತಪ್ಪಿಸಿಕೊಳ್ಳುತ್ತೀ. ಕನ್ನಡದಲ್ಲಿ ಅಳ್ಲಿಕ್ಕೆ ನಿನಗೆ ಇನ್ನೂ ಬರುವುದಿಲ್ಲ." ಮಮ್ಮಿಗೆ ಗೊತ್ತುಂಟಲ್ಲ ಎಂದು ಏನನ್ನೂ ಬಿಡಬಾರದು, ಏನೂ ಗೊತ್ತಿಲ್ಲದವರು ಓದಿದರೂ ತಿಳಿಯಬೇಕು ಎನ್ನುವುದು ಇನ್ನೊಂದು ನಿಯಮ. ತಮ್ಮ ಕೆವಿನ್ ಅದನ್ನು ಎಂದೂ ಪಾಲಿಸಲಿಲ್ಲ. "ಗಾಜು ಒಡೆದದ್ದು ಹೌದು, ಬಾಲ್ ಕೂಡ ಹೋಯಿತು" ಎಂದು ಬರೆದು ಕೊಟ್ಟಿದ್ದ. ನಾನು ಮಾತ್ರ ಪುಟಗಟ್ಟಲೆ ಬರೆಯುತ್ತಿದ್ದೆ. ನೀನು ಕೆಂಪು ಪೆನ್ನಿನಲ್ಲಿ ತಿದ್ದಿ, ಕೊನೆಗೆ "ನೋಡಿದ್ದೇನೆ" ಎಂದು ಬರೆದು ಸಹಿ ಹಾಕಿ ನಮ್ಮ ತಲೆದಿಂಬಿನ ಅಡಿಯಲ್ಲಿ ಇಡುತ್ತಿದ್ದೆ. ಅಲ್ಲಿಗೆ ಮುಗಿಯಿತು. ಮತ್ತೆ ಆ ಮಾತು ಎತ್ತಬಾರದು. ಆದರೆ ಆ "ನೋಡಿದ್ದೇನೆ" ಸಿಗುವ ತನಕ, ಸಂಜೆ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಮುಗಿದ ಮೇಲೆ ಎಲ್ಲರೂ ನಿನ್ನ ಮುಂದೆ ಕೈ ಜೋಡಿಸಿ "ಬೆಸಾಂವ್ ದೀ" ಎಂದು ಆಶೀರ್ವಾದ ಕೇಳುವಾಗ, ತಪ್ಪು ಮಾಡಿದವರು ಹಿಂದೆ ನಿಲ್ಲಬೇಕಿತ್ತು.

ನಾನು ಕೊನೆಯ ಸಲ ಹಾಗೆ ಹಿಂದೆ ನಿಂತಾಗ ನನಗೆ ಹದಿನಾರು. ಈಗ ನಲವತ್ತೆಂಟು. ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ಕನ್ನಡ ಪಾಠ ಮಾಡುತ್ತಿದ್ದೇನೆ. ಆದರೂ ಈ ಮೊದಲ ಎರಡು ಪುಟಕ್ಕೆ ನಾಲ್ಕು ಹಾಳೆ ಹರಿದಿದ್ದೇನೆ.

ನಾಡಿದ್ದು ಗುರುವಾರ ಬೆಳಿಗ್ಗೆ ನಿನ್ನ ಬಲ ಮೊಣಕಾಲಿನ ಆಪರೇಷನ್. ಎಡದ್ದನ್ನು ನಾಲ್ಕು ವರ್ಷದ ಹಿಂದೆ ಬೇರೆ ಡಾಕ್ಟರು ಮಾಡಿದ್ದರು. ಒಪ್ಪಿಗೆಯ ಫಾರ್ಮು ನನ್ನ ಮುಂದೆ ಇದೆ. ಅದರಲ್ಲಿ ಎಲ್ಲ ತುಂಬಿಯಾಗಿದೆ, ಒಂದು ಗೆರೆ ಖಾಲಿ. ಮೊಣಕಾಲ ಚಿಪ್ಪಿನ ಒಳಬದಿಗೆ ಪ್ಲಾಸ್ಟಿಕ್ ಹಾಕುವುದೋ, ಬಿಡುವುದೋ. ನಾಳೆ ಸಂಜೆ ಐದರ ಒಳಗೆ ಡಾಕ್ಟರ್ ತ್ರಿವಿಕ್ರಮರಿಗೆ ತಿಳಿಸಬೇಕು. ನಿನ್ನೆ ಅತ್ತಾವರದ ಆಸ್ಪತ್ರೆಯಲ್ಲಿ, ಅವರ ಕೋಣೆಯಲ್ಲಿ, ನೀನು ಇದಕ್ಕೆ ಉತ್ತರ ಕೊಟ್ಟೇ ಬಿಟ್ಟೆ. ನನ್ನನ್ನು ನಿನ್ನೆಯಿಂದ ಕೊರೆಯುತ್ತಿರುವುದು ಆ ಉತ್ತರ. ಅದು ಸರಿಯೋ ತಪ್ಪೋ ನನಗೆ ತಿಳಿಯದು. ಆದರೆ ಅದರ ಬುಡದಲ್ಲಿ ನಾನು ಹೇಳಿದ ಒಂದು ಸುಳ್ಳು ಇದೆ.

ಮೊದಲು ಡಾಕ್ಟರು ಹೇಳಿದ್ದನ್ನು ಬರೆಯುತ್ತೇನೆ. ಅವರು ಹೇಳುವಾಗ ನೀನು ಗೋಡೆಯ ಕ್ಯಾಲೆಂಡರಿನಲ್ಲಿ ಹಬ್ಬದ ತಾರೀಕು ಹುಡುಕುತ್ತಿದ್ದೆ. ಅವರ ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ಕಿನ ಮೊಣಕಾಲು ಇತ್ತು. ತೊಡೆಯ ಎಲುಬಿನ ತುದಿಗೂ ಕೆಳಗಿನ ಎಲುಬಿನ ತಲೆಗೂ ಲೋಹದ ಹೊದಿಕೆ ಹಾಕಿ ನಡುವೆ ಪ್ಲಾಸ್ಟಿಕ್ ಇಡುತ್ತಾರೆ. ಅದು ಎಲ್ಲರಿಗೂ ಇರುವಂಥದ್ದು. ಪ್ರಶ್ನೆ ಇರುವುದು ಮುಂದೆ ಮೇಲಿಂದ ಜಾರುವ ಚಿಪ್ಪಿನದ್ದು. ಅದರ ಒಳಬದಿ ಸವೆದಿರುತ್ತದೆ. ಹಾಗೆಯೇ ಬಿಡಬಹುದು. ಇಲ್ಲವೇ ಆ ಒಳಬದಿಯನ್ನು ತೆಳುವಾಗಿ ಕೆತ್ತಿ ತೆಗೆದು, ಅಲ್ಲಿಗೆ ಗುಂಡಿಯಂಥ ಒಂದು ಪ್ಲಾಸ್ಟಿಕ್ಕನ್ನು ಅಂಟಿಸಬಹುದು. ಅವರು ಬಟನ್ ಎಂದರು. ಬಿಟ್ಟರೆ ಕೆಲವರಿಗೆ ಮೊಣಕಾಲಿನ ಮುಂಭಾಗದಲ್ಲಿ ನೋವು ಉಳಿಯುತ್ತದೆ, ಅವರಲ್ಲಿ ಕೆಲವರು ಬಟನ್ ಹಾಕಿಸಿಕೊಳ್ಳಲು ಪುನಃ ಆಪರೇಷನ್ನಿಗೆ ಬರಬೇಕಾಗುತ್ತದೆ. ಹಾಕಿದರೆ ಹಾಗೆ ಪುನಃ ಬರುವವರು ಕಡಿಮೆ. ಆದರೆ ಚಿಪ್ಪು ತೆಳ್ಳಗಾಗುತ್ತದೆ, ಅಪರೂಪಕ್ಕೆ ಒಡೆಯುವುದುಂಟು, ಬಟನ್ ಸಡಿಲವಾಗುವುದುಂಟು. ಕೆಲವು ಡಾಕ್ಟರುಗಳು ಎಲ್ಲರಿಗೂ ಹಾಕುತ್ತಾರಂತೆ, ಕೆಲವರು ಯಾರಿಗೂ ಹಾಕುವುದಿಲ್ಲವಂತೆ, ಕೆಲವರು ತೆರೆದು ನೋಡಿ ನಿರ್ಧಾರ ಮಾಡುತ್ತಾರಂತೆ.

"ಇದರಲ್ಲಿ ಡಾಕ್ಟರುಗಳ ಒಳಗೇ ಜಗಳ ಉಂಟು ಟೀಚರ್" ಎಂದರು ಅವರು. "ನಿಮ್ಮ ಬಲದ ಚಿಪ್ಪು ಎಕ್ಸ್‌ರೇಯಲ್ಲಿ ಸ್ವಲ್ಪ ಜಾಸ್ತಿಯೇ ಸವೆದ ಹಾಗೆ ಕಾಣ್ತದೆ. ನನ್ನ ಮನಸ್ಸು ಹಾಕುವ ಕಡೆಗೆ ಉಂಟು. ಎಡಗಾಲಿನದ್ದು ಬಿಟ್ಟಿದ್ದಾರಲ್ಲ, ಅದು ಹೇಗುಂಟು ಈಗ?"

ನೀನು ಕ್ಯಾಲೆಂಡರಿನಿಂದ ಕಣ್ಣು ತೆಗೆದೆ. "ಎಡದ್ದು ದೇವರೇ ಬಿಡಲಿಕ್ಕೆ ಹೇಳಿದ್ದು ಡಾಕ್ಟ್ರೇ. ಇದನ್ನೂ ಬಿಡಿ. ನೋವು ಸ್ವಲ್ಪ ಇರಲಿ."

ಅವರು ನನ್ನ ಮುಖ ನೋಡಿದರು. ಮನೆಯಲ್ಲಿ ಮಾತಾಡಿ ಬುಧವಾರ ಹೇಳಿ ಎಂದು ಫಾರ್ಮು ನನ್ನ ಕೈಗೆ ಕೊಟ್ಟರು.

ಅಲ್ಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಆಮೇಲೆ ಆಟೋದಲ್ಲಿ, ಕಂಕನಾಡಿಯಲ್ಲಿ ಬಸ್ಸುಗಳ ನಡುವೆ ಸಿಕ್ಕಿಹಾಕಿಕೊಂಡು ಡ್ರೈವರ್ ಇಂಜಿನ್ ಆಫ್ ಮಾಡಿದಾಗ, ನೀನು ಇದ್ದಕ್ಕಿದ್ದಂತೆ ಶ್ರೀನಂದನ ಎನ್ನುವ ಹುಡುಗನ ಕಥೆ ಹೇಳಲು ಶುರು ಮಾಡಿದೆ. ಬೇರೆ ಯಾರದೋ ವಿಷಯ ಹೇಳುವ ಹಾಗೆ, ಮಾರ್ಕೆಟಿನ ಕಡೆ ನೋಡುತ್ತ, ಕೊಂಕಣಿಯಲ್ಲಿ, ಸ್ವರ ತಗ್ಗಿಸಿ. ಐವತ್ತು ವರ್ಷ ಹಿಂದಿನದು, ನೀನು ನನಗೆ ಎಂದೂ ಹೇಳದೆ ಇಟ್ಟುಕೊಂಡದ್ದು. ಪಪ್ಪನಿಗೆ ಗೊತ್ತಿತ್ತೋ ಇಲ್ಲವೋ.

ನೀನು ಕೆಲಸಕ್ಕೆ ಸೇರಿ ಮೂರನೆಯ ವರ್ಷ. ಒಂಬತ್ತು ವರ್ಷದ ಹುಡುಗ, ದೇವಸ್ಥಾನದ ಭಟ್ಟರ ಮಗ, ಮೂರು ದಿನ ಸತತವಾಗಿ ಕಾಪಿ ಬರೆದು ತಂದಿರಲಿಲ್ಲ. ಜಗಲಿಯ ತುದಿಯಲ್ಲಿ, ಗಾರೆ ಎದ್ದುಹೋಗಿ ಕೆಂಪು ಒರಟು ಮುರಕಲ್ಲು ಕಾಣುತ್ತಿದ್ದ ಜಾಗದಲ್ಲಿ ಮೊಣಕಾಲೂರಿ ನಿಲ್ಲು ಎಂದೆ. ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಬಂದರು. ನಿನ್ನನ್ನು ಹೆಡ್‌ಮಿಸ್ಟ್ರೆಸ್ ಕೋಣೆಗೆ ಕರೆದರು, ರಿಜಿಸ್ಟರುಗಳು, ಪ್ರಶ್ನೆಗಳು, ಚಹಾ. ಊಟದ ಬೆಲ್ ಆಯಿತು. ಮಕ್ಕಳೆಲ್ಲ ಬುತ್ತಿ ತೆಗೆದರು. ಎರಡು ಗಂಟೆಗೆ ಆಯಾ ಬಂದು, ಟೀಚರ್, ಆ ಮಗು ಇನ್ನೂ ಅಲ್ಲೇ ಉಂಟಲ್ಲ ಎಂದಾಗಲೇ ನಿನಗೆ ನೆನಪಾದದ್ದು. ಎಬ್ಬಿಸಿದಾಗ ಅವನ ಮೊಣಕಾಲಿನ ಚರ್ಮದಲ್ಲಿ ಮುರಕಲ್ಲಿನ ಹರಳು ಹೂತಿತ್ತು. ಯಾಕೆ ಏಳಲಿಲ್ಲ ಎಂದು ಕೇಳಿದೆ. "ಟೀಚರ್ ಏಳು ಅಂತ ಹೇಳಲಿಲ್ಲ" ಎಂದ. ಡೆಟಾಲ್ ಹಾಕಿ ತೊಳೆಯುವಾಗ ಅವನು ಅಳಲಿಲ್ಲ, ನೀನು ಅತ್ತೆ. ಮರುದಿನ ಅವನ ತಂದೆ ಬಂದರು. ಜಗಳ ಮಾಡಲಿಲ್ಲ. ನಿನ್ನ ಕಡೆ ನೋಡಲೂ ಇಲ್ಲ. ಟಿ.ಸಿ. ತೆಗೆದುಕೊಂಡು ಮಗನನ್ನು ಕರೆದುಕೊಂಡು ಹೋದರು. ನೀನು ಅವನನ್ನು ಮತ್ತೆ ನೋಡಲಿಲ್ಲ.

ಅಂದಿನಿಂದ ನೀನು ಯಾವ ಮಗುವನ್ನೂ ಮೊಣಕಾಲೂರಿಸಿ ನಿಲ್ಲಿಸಲಿಲ್ಲ. ತಪ್ಪು ಮಾಡಿದವರು ಬರೆದು ಕೊಡಲಿ ಎನ್ನುವ ನಿಯಮ ಹುಟ್ಟಿದ್ದು ಆಗ. ನಮ್ಮ ಮನೆಯ ಪತ್ರಗಳ ಮೂಲ ನನಗೆ ಗೊತ್ತಾದದ್ದು ನಿನ್ನೆ, ಮಮ್ಮಿ, ಅರ್ಧ ದಾರಿಯಲ್ಲಿ ನಿಂತ ಆಟೋದಲ್ಲಿ.

ಪಾಪನಿವೇದನೆಯಲ್ಲಿ ಅದನ್ನು ಮೂರು ಬೇರೆ ಬೇರೆ ಪಾದ್ರಿಗಳಿಗೆ ಹೇಳಿದ್ದೀಯಂತೆ. ಮೂವರೂ ಮೂರು ಮೂರು ಸಲ ನಮಾನ್ ಮರಿಯೆ ಪ್ರಾರ್ಥನೆ ಹೇಳು ಎಂದರಂತೆ. "ಅದು ಪೆನ್ಸಿಲ್ ಕದ್ದವರಿಗೆ ಕೊಡುವ ಪ್ರಾಯಶ್ಚಿತ್ತ" ಎಂದು ನೀನು ನಕ್ಕೆ. ನಗು ಮುಗಿಯುವ ಮೊದಲೇ ಹೇಳಿದೆ: "ಮೊಣಕಾಲೂರಿಸಿದವಳಿಂದ ದೇವರು ಮೊಣಕಾಲೂರುವುದನ್ನು ತೆಗೆದುಕೊಂಡ. ನಾಲ್ಕು ವರ್ಷದ ಹಿಂದೆ ಆ ಡಾಕ್ಟರ ಬಾಯಲ್ಲಿ ಚಿಪ್ಪು ಬಿಡು ಅಂತ ಹೇಳಿಸಿದ್ದು ಅವನೇ. ಎಡದ್ದು ಆಯಿತು. ಬಲದ್ದನ್ನು ನಾನು ಯಾಕೆ ತಪ್ಪಿಸಿಕೊಳ್ಳಬೇಕು?"

ಆಟೋ ಹೊರಟಿತು. ನಾನು ನಿನ್ನ ಕೈ ಹಿಡಿದುಕೊಂಡೆ. ಸಮಾಧಾನ ಮಾಡುತ್ತಿದ್ದೇನೆ ಎಂದು ನೀನು ತಿಳಿದಿರಬೇಕು. ಸಮಾಧಾನ ಮಾಡುವ ಹಕ್ಕು ನನಗಿರಲಿಲ್ಲ.

ಏಕೆಂದರೆ ಆ ಡಾಕ್ಟರು ಹಾಗೆ ಹೇಳಲಿಲ್ಲ. ದೇವರೂ ಹೇಳಲಿಲ್ಲ. ಹೇಳಿದವಳು ನಾನು.

ಇನ್ನು ಅದನ್ನು ಕ್ರಮವಾಗಿ ಬರೆಯುತ್ತೇನೆ. ನಾಲ್ಕು ವರ್ಷದ ಹಿಂದೆ, ಮೊಂತಿ ಹಬ್ಬದಲ್ಲಿ ಹೊಸ ಅಕ್ಕಿ ಉಣ್ಣದೆ ಆಪರೇಷನ್ ಮಾಡಿಸಿಕೊಳ್ಳುವುದಿಲ್ಲ ಎಂದು ನೀನು ಹಟ ಹಿಡಿದು, ಹಬ್ಬ ಕಳೆದ ಮೇಲಿನ ಮಂಗಳವಾರ. ಕೆವಿನ್ ಹಿಂದಿನ ದಿನ ಮಸ್ಕತ್ತಿನಿಂದ ಫೋನ್ ಮಾಡಿದ್ದ. "ಡಾಕ್ಟರ್ ಎಂತೆಂತ ಹಾಕ್ತಾರೋ ಎಲ್ಲ ಹಾಕಿಸು ಮಾರಾಯ್ತಿ. ಅರ್ಧ ಕೆಲಸ ಮಾಡಿಸಬೇಡ" ಎಂದಿದ್ದ. ದಿನವಿಡೀ ದೊಡ್ಡ ಕಟ್ಟಡಗಳ ಏಸಿ ರಿಪೇರಿ ಮಾಡಿಸುವವನಿಗೆ ಅಮ್ಮನ ಕಾಲೂ ಒಂದು ಮೆಷೀನಿನ ಹಾಗೆ ಕಾಣುತ್ತದೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಆ ತಾತ್ಸಾರವೂ ಈ ತಪ್ಪಿನ ಒಂದು ಭಾಗ, ಆದ್ದರಿಂದ ಬರೆಯುತ್ತಿದ್ದೇನೆ.

ನಿನ್ನನ್ನು ಒಳಗೆ ಕರೆದುಕೊಂಡು ಹೋಗಿ ಒಂದು ಗಂಟೆಯಾಗಿತ್ತು. ಪಪ್ಪ ಕೆಳಗೆ ಚಾಪೆಲಿನಲ್ಲಿ ಕುಳಿತಿದ್ದರು. ನಾನು ಥಿಯೇಟರಿನ ಹೊರಗಿನ ಬೆಂಚಿನಲ್ಲಿ ಕವನಸಂಕಲನ ಒಂದನ್ನು ತೊಡೆಯ ಮೇಲೆ ಇಟ್ಟುಕೊಂಡು, ಓದಿದ ಪುಟವನ್ನೇ ಓದುತ್ತಿದ್ದೆ. ಬಾಗಿಲು ಸ್ವಲ್ಪ ತೆರೆದು ಒಬ್ಬ ಅಸಿಸ್ಟೆಂಟ್ ಡಾಕ್ಟರ್ ತಲೆ ಹೊರಗೆ ಹಾಕಿ, "ಎಸ್ತೆರ್ ಅವರ ಕಡೆಯವರು ಯಾರು?" ಎಂದರು. ಪುಟದ ನಡುವೆ ಬೆರಳು ಇಟ್ಟುಕೊಂಡೇ ಎದ್ದೆ.

"ಒಳಗೆ ನೋಡಿದೆವು. ಚಿಪ್ಪು ತೀರ ಹಾಳಾಗಿಲ್ಲ, ಒಳ್ಳೆಯದೂ ಇಲ್ಲ, ನಡುವೆ ಉಂಟು. ಪ್ಲಾಸ್ಟಿಕ್ ಹಾಕುವುದಾ, ಇದ್ದದ್ದನ್ನೇ ಬಿಡುವುದಾ, ಮನೆಯವರ ಹತ್ತಿರ ಕೇಳಿ ಅಂತ ಸರ್ ಹೇಳಿದರು. ಬೇಗ ಹೇಳಿ ಮೇಡಂ."

ಎರಡು ಪ್ರಶ್ನೆ ಕೇಳಬೇಕಿತ್ತು. ಎರಡಕ್ಕೂ ಏನು ವ್ಯತ್ಯಾಸ? ಸರ್ ಅವರ ಅಭಿಪ್ರಾಯ ಏನು? ಕೇಳಲಿಲ್ಲ. ಮೇಡಂ ಎಂದು ಕರೆಸಿಕೊಂಡವಳಿಗೆ, ನನಗೆ ಅರ್ಥವಾಗಲಿಲ್ಲ ಎನ್ನಲು ನಾಚಿಕೆಯಾಯಿತು. ಚಿಪ್ಪನ್ನು ಪೂರ್ತಿ ಕಿತ್ತು ತೆಗೆದು ಆ ಜಾಗದಲ್ಲಿ ಪ್ಲಾಸ್ಟಿಕ್ ಕೂರಿಸುತ್ತಾರೆ ಎಂದು ನಾನು ತಿಳಿದೆ. ಹಾಗಲ್ಲ, ಹೇಗೆ ಮಾಡಿದರೂ ಚಿಪ್ಪು ನಿನ್ನದೇ ಉಳಿಯುತ್ತದೆ, ಒಳಬದಿ ಮಾತ್ರ ಕೆತ್ತುವುದು ಎಂದು ನನಗೆ ಗೊತ್ತಾದದ್ದು ನಿನ್ನೆ, ತ್ರಿವಿಕ್ರಮ ಡಾಕ್ಟರು ಆ ಪ್ಲಾಸ್ಟಿಕ್ ಮೊಣಕಾಲನ್ನು ಮಗುಚಿ ತೋರಿಸಿದಾಗ. ನಾಲ್ಕು ವರ್ಷ ನಾನು ಅದನ್ನೂ ತಿಳಿದುಕೊಂಡಿರಲಿಲ್ಲ. ತಿಳಿದುಕೊಳ್ಳಲು ಹೆದರಿದ್ದೆ ಎನ್ನುವುದೇ ಸರಿ.

ಆ ಬಾಗಿಲಲ್ಲಿ ನನ್ನ ಮನಸ್ಸಿಗೆ ಬಂದದ್ದು ಡಾಕ್ಟರ ಮಾತಲ್ಲ. ಬಂದದ್ದು ಜ್ವರ ಬಂದ ದಿನಗಳು. ಶಾಲೆಗೆ ರಜೆ ಹಾಕಿ ನೀನು ಚಾಪೆಯ ಮೇಲೆ ಕಾಲು ಚಾಚಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ನಾನು ನಿನ್ನ ತೊಡೆಗೆ ತಲೆ ಕೊಟ್ಟು ಮಲಗಿ, ಸೀರೆಯ ಮೇಲಿಂದ ನಿನ್ನ ಮೊಣಕಾಲ ಚಿಪ್ಪನ್ನು ಎರಡು ಬೆರಳಲ್ಲಿ ಹಿಡಿದು ಅತ್ತಿತ್ತ ಆಡಿಸುತ್ತಿದ್ದೆ. ಅದು ಒಳಗೆ ತೇಲುವ ಹಾಗೆ ಜಾರುತ್ತಿತ್ತು. "ಬಿಡು ಮಾರಾಯ್ತಿ, ಅದು ಕಳಚಿ ಬಂದರೆ ನಾಳೆ ನಾನು ಶಾಲೆಗೆ ಹೇಗೆ ಹೋಗುವುದು" ಎನ್ನುತ್ತಿದ್ದೆ ನೀನು, ಕೆಂಪು ಪೆನ್ನು ನಿಲ್ಲಿಸದೆ. ಆ ಚಿಪ್ಪನ್ನು ತಟ್ಟೆಯಲ್ಲಿ ಹಾಕಿ ಎಲ್ಲಿಗೋ ಒಯ್ಯುತ್ತಾರೆ ಎಂದು ನನಗೆ ಅನಿಸಿತು. "ಇದ್ದದ್ದನ್ನೇ ಬಿಡಿ. ಅವಳದ್ದೇ ಇರಲಿ" ಎಂದೆ.

ಬಾಗಿಲು ಮುಚ್ಚಿತು. ನಾನು ಕುಳಿತು ಪುಸ್ತಕ ತೆರೆದೆ. ಈಗ ಬರೆಯುವುದು ಎಲ್ಲಕ್ಕಿಂತ ಕಷ್ಟದ್ದು: ಆಗ ನನಗೆ ಸಂತೋಷವಾಯಿತು. ಏನನ್ನೋ ಕಾಪಾಡಿದೆ ಅನಿಸಿತು. ಕವಿತೆ ಓದುವವರಿಗೆ ಒಂದು ಚಟ ಇರುತ್ತದೆ, ವಸ್ತು ಏನೆಂದು ನೋಡುವ ಮೊದಲೇ ಅದರ ಅರ್ಥ ಹುಡುಕುವುದು. ನಿನ್ನ ಕಾಲಿನ ನೋವಿಗಿಂತ ನನ್ನ ನೆನಪು ನನಗೆ ದೊಡ್ಡದಾಗಿ ಕಂಡಿತು, ಮಮ್ಮಿ. ಕೆವಿನ್ ಅಲ್ಲಿದ್ದಿದ್ದರೆ ಎರಡೂ ಪ್ರಶ್ನೆ ಕೇಳುತ್ತಿದ್ದ. ಮೆಷೀನು ಗೊತ್ತಿರುವವರು ಕೇಳುತ್ತಾರೆ.

ಸಂಜೆ ವಾರ್ಡಿನಲ್ಲಿ ನಿನಗೆ ಸೊಂಟದ ಕೆಳಗೆ ಇನ್ನೂ ಸ್ಪರ್ಶ ಬಂದಿರಲಿಲ್ಲ. ಬಾಯಿ ಒಣಗಿತ್ತು. ನಾನು ಹತ್ತಿಯಲ್ಲಿ ತುಟಿ ಒದ್ದೆ ಮಾಡುತ್ತಿದ್ದೆ. ಆಪರೇಷನ್ನಿಗೆ ಮೊದಲೇ ಯಾರೋ ನಿನಗೆ ಚಿಪ್ಪಿನ ವಿಷಯ ಹೇಳಿದ್ದರು ಕಾಣುತ್ತದೆ. "ಚಿಪ್ಪಿಗೆ ಎಂತ ಮಾಡಿದರು?" ಎಂದು ನೀನು ಕೇಳಿದೆ.

"ಬಿಟ್ಟಿದ್ದಾರೆ ಮಮ್ಮಿ. ದೇವರು ಕೊಟ್ಟದ್ದೇ ಸಾಕು ಅಂತ ಡಾಕ್ಟರ್ ಹೇಳಿದರು."

ಯಾರೂ ಹಾಗೆ ಹೇಳಿರಲಿಲ್ಲ. ನಾನು ಹೇಳಿದ್ದು ಎಂದರೆ ನೀನು ಯಾಕೆ ಎಂದು ಕೇಳುತ್ತಿದ್ದೆ, ಯಾಕೆ ಎನ್ನುವುದಕ್ಕೆ ನನ್ನಲ್ಲಿ ಜ್ವರದ ದಿನಗಳ ಕಥೆ ಬಿಟ್ಟರೆ ಬೇರೆ ಉತ್ತರ ಇರಲಿಲ್ಲ. ಆದ್ದರಿಂದ ಡಾಕ್ಟರನ್ನು ತಂದೆ. ಡಾಕ್ಟರು ಸಾಲದು ಅನಿಸಿ ದೇವರನ್ನೂ ತಂದೆ. ನೀನು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ ಕಣ್ಣು ಮುಚ್ಚಿದೆ. ಆ ವಾಕ್ಯ ಅಲ್ಲಿಗೆ ಮುಗಿಯಿತು ಎಂದು ನಾನು ತಿಳಿದೆ.

ಮೂರು ತಿಂಗಳಲ್ಲಿ ನಿನ್ನ ಕಾಲು ನೇರವಾಯಿತು, ರಾತ್ರಿಯ ಆ ಹಳೆಯ ಸೆಳೆತ ಹೋಯಿತು. ಆದರೆ ಮೆಟ್ಟಿಲು ಇಳಿಯುವಾಗ, ಕುರ್ಚಿಯಿಂದ ಏಳುವಾಗ, ಮುಂದೆ ಯಾರೋ ಹೆಬ್ಬೆರಳು ಒತ್ತಿ ಹಿಡಿದ ಹಾಗೆ ಆಗುತ್ತದೆ ಎಂದೆ ನೀನು. ವ್ಯಾಯಾಮ ಮಾಡಿಸಲು ಮನೆಗೆ ಬರುತ್ತಿದ್ದ ವಿನಿತಾ ಒಂದು ದಿನ ನಿನ್ನ ಕಾಲು ಮಡಿಸುತ್ತ, "ಟೀಚರ್, ನಿಮಗೆ ಚಿಪ್ಪಿಗೆ ಬಟನ್ ಹಾಕಿಲ್ವಾ?" ಎಂದು ಕೇಳಿದಳು. ದೇವರು ಕೊಟ್ಟದ್ದೇ ಸಾಕು ಅಂತ ಡಾಕ್ಟರು ಹೇಳಿದರಂತೆ ಎಂದೆ ನೀನು. ಅವಳು ನಕ್ಕಳು. "ದೇವರು ಕೊಟ್ಟ ಬೇರೆ ಎಲ್ಲ ಕತ್ತರಿಸಿದ ಮೇಲೆ ಇದೊಂದು ಎಂತಕ್ಕೆ ಬಾಕಿ ಇಟ್ಟರು ಮಾರಾಯ್ರೆ?" ನೀನೂ ನಕ್ಕೆ. ನಾನು ಅಡಿಗೆಕೋಣೆಗೆ ಹೋಗಿ ನಲ್ಲಿ ಬಿಟ್ಟು ಪಾತ್ರೆ ಇಲ್ಲದ ಸಿಂಕಿನ ಮುಂದೆ ನಿಂತೆ.

ಅದಾದ ಮೇಲೆ ಹೇಳುವ ಸಂದರ್ಭಗಳು ಎಷ್ಟು ಬಂದವು ಎಂದು ನಿನ್ನೆಯಿಂದ ನೆನೆಯುತ್ತಿದ್ದೇನೆ. ತೇರ್ಸಿಗೆ ನಿನಗಾಗಿ ಆ ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದ ದಿನ. ನಾವೆಲ್ಲ ಮೊಣಕಾಲೂರಿದ್ದೆವು, ನೀನೊಬ್ಬಳು ಎತ್ತರದಲ್ಲಿ ಕುಳಿತು, ಏನೋ ದೊಡ್ಡಸ್ತಿಕೆ ಮಾಡಿದವಳ ಹಾಗೆ ತಲೆ ತಗ್ಗಿಸಿದ್ದೆ. ಮತ್ತೆ ಎರಡು ವರ್ಷದ ಹಿಂದೆ, ತೀರಿಕೊಂಡ ಪಪ್ಪನನ್ನು ಇಗರ್ಜಿಗೆ ತಂದ ದಿನ. ಪೆಟ್ಟಿಗೆ ಮುಚ್ಚುವ ಮೊದಲು ಎಲ್ಲರೂ ಒಬ್ಬೊಬ್ಬರಾಗಿ ಮೊಣಕಾಲೂರಿ ಮುತ್ತು ಕೊಟ್ಟರು. ನಿನ್ನ ಸರದಿ ಬಂದಾಗ, ಬೇಡ ಮಮ್ಮಿ ಎಂದು ನಾನು ಹೇಳುವಷ್ಟರಲ್ಲಿ ನೀನು ಕೆಳಗೆ ಹೋದೆ. ಎಡಗಾಲು ಊರಲಾಗದೆ, ಏಳಲೂ ಆಗದೆ, ಪೆಟ್ಟಿಗೆಯ ಅಂಚು ಹಿಡಿದು ಉಳಿದೆ. ಇಬ್ಬರು ಬಂದು ಕಂಕುಳಿಗೆ ಕೈ ಕೊಟ್ಟು ಎತ್ತಿದರು. "ಕ್ಷಮಿಸು ಜೊಕಿಮ್" ಎಂದೆ ನೀನು, ಸಭೆಯೆಲ್ಲ ಕೇಳುವ ಹಾಗೆ. ಪಪ್ಪನ ಹತ್ತಿರ ನೀನು ಬೇರೆ ಯಾವುದಕ್ಕೋ ಕ್ಷಮೆ ಕೇಳುತ್ತಿದ್ದೀ ಎಂದು ಜನ ತಿಳಿದಿರಬಹುದು. ನನಗೆ ಗೊತ್ತಿತ್ತು. ಆ ದಿನವೂ ನಾನು ಹೇಳಲಿಲ್ಲ.

ಇವತ್ತು ಬೆಳಿಗ್ಗೆ ಎರಡನೆಯ ಪೀರಿಯಡ್ ಮುಗಿಸಿ ಡಾಕ್ಟರ್ ತ್ರಿವಿಕ್ರಮರಿಗೆ ಫೋನ್ ಮಾಡಿದೆ. ನಡೆದದ್ದನ್ನು ಹೇಳಿದೆ. ಎಡಗಾಲಿನ ನೋವು ನನ್ನಿಂದಲೇ ಬಂದದ್ದೋ ಎಂದು ಕೇಳಿದೆ. ಅವರು ಹೇಳಿದ್ದು ಹೀಗೆ: "ಹಾಗೆ ಹೇಳ್ಲಿಕ್ಕೆ ಆಗುವುದಿಲ್ಲ ಮೇಡಂ. ಬಟನ್ ಹಾಕಿದವರಿಗೂ ಮುಂದೆ ನೋವು ಇರುವುದುಂಟು. ಹಾಕಿದ್ದರೆ ನಿಮ್ಮ ತಾಯಿಗೆ ನೋವು ಇರ್ತಿರಲಿಲ್ಲ ಅಂತ ನಾನು ಬರೆದು ಕೊಡ್ಲಿಕ್ಕೆ ಸಾಧ್ಯ ಇಲ್ಲ. ಇರ್ತಿತ್ತು ಅಂತಲೂ ಸಾಧ್ಯ ಇಲ್ಲ." ಮೊಣಕಾಲೂರುವುದಂತೂ ಬಟನ್ ಹಾಕಿಸಿಕೊಂಡವರಲ್ಲೂ ಎಷ್ಟೋ ಮಂದಿಗೆ ಆಗುವುದಿಲ್ಲ, ಆ ಆಸೆಯಿಂದ ಹಾಕಿಸುವುದು ಬೇಡ ಎಂದರು. ಎಡಗಾಲಿಗೆ ಬೇಕಾದರೆ ಮುಂದೆ ಯಾವಾಗಲಾದರೂ ಹಾಕಬಹುದಂತೆ, ಆದರೆ ಹಾಗೆ ತಡವಾಗಿ ಹಾಕಿದವರಲ್ಲಿ ಎಲ್ಲರಿಗೂ ಗುಣವಾಗುವುದಿಲ್ಲವಂತೆ. ಈಗ ಬಲಗಾಲಿನದ್ದನ್ನು ಯೋಚಿಸಿ ಎಂದು ಫೋನ್ ಇಟ್ಟರು.

ನಾನು ಎರಡು ತಪ್ಪು ಮಾಡಿದ್ದೇನೆ. ಅರ್ಥವಾಗದೆ ನಿನ್ನ ಕಾಲಿನ ನಿರ್ಧಾರ ಮಾಡಿದ್ದು ಒಂದು. ಅದನ್ನು ದೇವರ ಮೇಲೆ ಹಾಕಿದ್ದು ಇನ್ನೊಂದು. ಮೊದಲನೆಯದರಿಂದ ಏನಾಯಿತು ಎಂದು ಯಾವ ಡಾಕ್ಟರೂ ಹೇಳಲಾರರು. ಎರಡನೆಯದರಿಂದ ಏನಾಯಿತು ಎನ್ನುವುದು ನಿನ್ನೆ ಆಟೋದಲ್ಲಿ ನನ್ನ ಪಕ್ಕದಲ್ಲೇ ಕುಳಿತಿತ್ತು. ನಾಲ್ಕು ವರ್ಷ ನೀನು ಪ್ರತಿ ಮೆಟ್ಟಿಲಿನಲ್ಲೂ ಆ ಹುಡುಗನನ್ನು ನೆನೆದು ಇಳಿದಿದ್ದೀಯ, ನನ್ನ ಒಂದು ಸುಳ್ಳನ್ನು ತೀರ್ಪು ಎಂದು ನಂಬಿ.

ಶ್ರೀನಂದನನ ವಿಷಯದಲ್ಲಿ ನಿನ್ನ ತಪ್ಪಿಲ್ಲ ಎಂದು ನಾನು ಹೇಳುವುದಿಲ್ಲ. ನೀನು ಅಂಥ ಸಮಾಧಾನ ಇಷ್ಟಪಡುವವಳಲ್ಲ. ಒಂಬತ್ತು ವರ್ಷದ ಮಗುವನ್ನು ಮರೆತದ್ದು ತಪ್ಪೇ. ಅವನಿಗೆ ಈಗ ಅರುವತ್ತರ ಹತ್ತಿರ. ಎಲ್ಲಿದ್ದಾನೋ, ಆ ದಿನ ಅವನಿಗೆ ನೆನಪಿದೆಯೋ ಇಲ್ಲವೋ, ನಮಗೆ ಗೊತ್ತಿಲ್ಲ. ಆದರೆ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನಿಂತು ಮಾತಾಡಿದವಳಿಗೆ ಅವನ ಹೆಸರೂ ಗೊತ್ತಿರಲಿಲ್ಲ. ಅದು ಶಿಕ್ಷೆಯ ಮಾತಲ್ಲ. ಪುಟದಲ್ಲಿ ಬೆರಳಿಟ್ಟುಕೊಂಡ ಒಬ್ಬ ಹೆಂಗಸು, ಕೇಳಲು ನಾಚಿಕೊಂಡು, ಅವಸರದಲ್ಲಿ ಆಡಿದ ಮಾತು. ನಿನ್ನ ಮತ್ತು ದೇವರ ನಡುವೆ ಏನಿದೆಯೋ ಅದು ನಿಮ್ಮದು. ಅದರಲ್ಲಿ ನನ್ನ ಈ ಮಾತನ್ನು ಸೇರಿಸಬೇಡ.

ಇನ್ನೊಂದನ್ನೂ ಹೇಳಬೇಕು. ಊಟವಾದ ಮೇಲೆ ನೀನು ಮಲಗಲು ಹೋದಾಗ ನಾನು ಪೆನ್ನು ತೆಗೆದು ಆ ಖಾಲಿ ಗೆರೆಯ ಮೇಲೆ ಇಟ್ಟೆ. "ಹಾಕಿ" ಎಂದು ಬರೆದು, ನಾಳೆ ನಿನಗೆ, ಒಳಗೆ ತೆರೆದು ನೋಡಿ ಡಾಕ್ಟರೇ ತೀರ್ಮಾನ ಮಾಡುತ್ತಾರಂತೆ ಎಂದು ಹೇಳಿಬಿಡೋಣ ಎಂದುಕೊಂಡಿದ್ದೆ. ಒಂದು ಸುಳ್ಳನ್ನು ಸರಿ ಮಾಡಲು ಇನ್ನೊಂದು, ಅದೂ ನಿನ್ನ ಒಳ್ಳೆಯದಕ್ಕೇ. ಪೆನ್ನಿನ ಒಂದು ಚುಕ್ಕೆ ಅಲ್ಲಿ ಬಿದ್ದಿದೆ, ನೀನು ನೋಡುತ್ತೀ. ಅಲ್ಲಿಗೆ ನಿಲ್ಲಿಸಿ ಈ ಕಾಗದ ತೆಗೆದೆ.

ಹಾಕಿಸಿಕೋ ಎಂದು ನಾನು ಹೇಳುವುದಿಲ್ಲ, ಬಿಡು ಎಂದೂ ಹೇಳುವುದಿಲ್ಲ. ನನ್ನ ಮನಸ್ಸು ಎತ್ತ ಇದೆ ಎಂದು ಬರೆದರೆ ನೀನು ನನಗಾಗಿ ಅತ್ತಲೇ ಹೋಗುತ್ತೀ, ನಾನು ಮತ್ತೆ ಆ ಬಾಗಿಲಲ್ಲಿ ನಿಂತ ಹಾಗಾಗುತ್ತದೆ. ಡಾಕ್ಟರ ಮನಸ್ಸು ಹಾಕುವ ಕಡೆಗಿದೆ, ಯಾಕೆಂದು ಅವರು ಹೇಳಿದ್ದಾರೆ. ಅನುಮಾನಗಳನ್ನೂ ಮುಚ್ಚಿಡದೆ ಹೇಳಿದ್ದಾರೆ. ಎಲ್ಲವನ್ನೂ ಮೇಲೆ ಬರೆದಿದ್ದೇನೆ. ಕೇಳಬೇಕಾದ್ದು ಇದ್ದರೆ ನಾಳೆ ಐದರ ಒಳಗೆ ನೀನೇ ಫೋನಿನಲ್ಲಿ ಕೇಳು. ಎರಡು ಪ್ರಶ್ನೆ ಅಲ್ಲ, ಇಪ್ಪತ್ತು ಕೇಳು. ಅವರು ಬೇಸರ ಮಾಡುವವರಲ್ಲ. ಎಪ್ಪತ್ತನಾಲ್ಕು ವರ್ಷ ನಿನ್ನನ್ನು ಹೊತ್ತ ಚಿಪ್ಪು ಅದು. ನೋವು ಬೇಕು ಎಂದು ಬಿಡಬೇಡ ಎನ್ನುವುದಷ್ಟೇ ನನ್ನ ಬೇಡಿಕೆ. ಬೇರೆ ಯಾವ ಕಾರಣಕ್ಕೆ ಬಿಟ್ಟರೂ ನಾನು ತುಟಿ ತೆರೆಯುವುದಿಲ್ಲ.

ಕ್ಷಮೆಯ ವಿಷಯ ಆಮೇಲೆ. ಅದಕ್ಕೆ ಗುರುವಾರದ ಅವಸರ ಇಲ್ಲ.

ನಿನ್ನ ಗೊರಕೆ ನಿಂತಿದೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ಎದ್ದು, ಚಹಾ ಇಟ್ಟಿಯಾ ಎಂದು ಕೇಳುತ್ತೀ. ಈ ಪತ್ರವನ್ನೂ ಫಾರ್ಮನ್ನೂ ಮಡಚಿ ನಿನ್ನ ಪ್ರಾರ್ಥನೆಯ ಪುಸ್ತಕದೊಳಗೆ, ಆ ಕೆಂಪು ಕುರ್ಚಿಯ ಮೇಲೆ ಇಡುತ್ತೇನೆ. ಕೆಂಪು ಪೆನ್ನು ಕೂಡ ಇಟ್ಟಿದ್ದೇನೆ. ಸಂಜೆ ತೇರ್ಸ್ ಮುಗಿದ ಮೇಲೆ ನಾನು ಬೆಸಾಂವ್ ಕೇಳಲು ಮುಂದೆ ಬರುವುದಿಲ್ಲ, ಹಿಂದೆ ನಿಲ್ಲುತ್ತೇನೆ. ಯಾಕೆ ಎಂದು ಕೇಳಬೇಡ, ಪುಸ್ತಕ ತೆರೆದು ನೋಡು.

ಕೆಳಗೆ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟಿದ್ದೇನೆ. ಅಲ್ಲಿ "ಹಾಕಿ" ಎಂದೋ "ಬಿಡಿ" ಎಂದೋ ನಿನ್ನ ಕೈಯಲ್ಲೇ ಬರೆ. ಬರೆದದ್ದನ್ನು ನಾನು ಹಾಗೆಯೇ ಫಾರ್ಮಿಗೆ ಇಳಿಸುತ್ತೇನೆ. ಒಂದು ಅಕ್ಷರ ನನ್ನದು ಸೇರಿಸುವುದಿಲ್ಲ. ನಾಡಿದ್ದು ಒಳಗಿನಿಂದ ಯಾರಾದರೂ ತಲೆ ಹೊರಗೆ ಹಾಕಿ ಕೇಳಿದರೂ, ಅವಳು ಬರೆದು ಕೊಟ್ಟಿದ್ದಾಳೆ ಎನ್ನುತ್ತೇನೆ. ಆ ದಿನ ಪುಸ್ತಕ ತೆಗೆದುಕೊಂಡು ಹೋಗುವುದಿಲ್ಲ.

ದೇವರು ನಿನಗೆ ಒಳ್ಳೆಯದು ಮಾಡಲಿ, ಮಮ್ಮಿ. ಇದು ದೊಡ್ಡವರು ಮಕ್ಕಳಿಗೆ ಹೇಳುವ ಮಾತು, ಮಕ್ಕಳು ಹೇಳುವ ಕ್ರಮ ಇಲ್ಲ. ಆದರೂ ಬರೆದಿದ್ದೇನೆ. ತಪ್ಪು ಅನಿಸಿದರೆ ಅದರ ಮೇಲೆ ಕೆಂಪು ಗೆರೆ ಎಳೆ.

ನಿನ್ನ "ನೋಡಿದ್ದೇನೆ"ಗಾಗಿ ಕಾಯುವ,
ನಿನ್ನ ಮಗಳು
ಬೆನಿಟಾ